ಜಾಝ್ ಸೋಲೋ: ಸ್ಕೇಲಿನ ಓಟದಿಂದ ಹೊರಬಂದ ಬಗೆ

ಬಳ್ಳಾರಿಯ ಮನೆಯಲ್ಲಿ ಕೀಬೋರ್ಡ್ ಮೇಲೆ ಜಾಝ್ ಅಭ್ಯಾಸ ಮಾಡುವಾಗ, ಎಡಗೈಯಲ್ಲಿ ಕಾರ್ಡ್‌ಗಳು (ಒಟ್ಟಿಗೆ ನುಡಿಸುವ ಸ್ವರಗುಚ್ಛಗಳು) ಬದಲಾಗುತ್ತಿದ್ದರೂ ಬಲಗೈಯ ಸೋಲೋ (ಆಗಿಂದಾಗಲೇ ಕಟ್ಟಿಕೊಂಡು ನುಡಿಸುವ ಭಾಗ) ಬರೀ ಬಿಳಿ ಕೀಗಳ ಸಿ ಮೇಜರ್ ಸ್ಕೇಲಿನ ಆರೋಹಣ-ಅವರೋಹಣವಾಗಿಯೇ ಉಳಿಯುತ್ತಿತ್ತು. ಡಿ ಮೈನರ್ ಸೆವೆನ್, ಜಿ ಸೆವೆನ್, ಸಿ ಮೇಜರ್ ಸೆವೆನ್ ಎಂಬ ಮೂರು ಕಾರ್ಡ್‌ಗಳಿಗೂ ಅವೇ ಬಿಳಿ ಕೀಗಳು ಸಲ್ಲುವುದರಿಂದ ಅಪಸ್ವರವೇನೂ ಬರುವುದಿಲ್ಲ. ಆದರೆ ಕಾರ್ಡ್ ಬದಲಾದದ್ದು ಸೋಲೋದಲ್ಲಿ ಕೇಳಿಸುವುದೂ ಇಲ್ಲ.

ಪರಿಹಾರ ದೊರೆತದ್ದು ಪ್ರತಿ ಕಾರ್ಡಿನ ಮೂಲ ಸ್ವರದಿಂದ ಎಣಿಸಿದಾಗ ಬರುವ ಮೂರನೆಯ ಮತ್ತು ಏಳನೆಯ ಸ್ವರಗಳಲ್ಲಿ. ಡಿ ಮೈನರ್ ಸೆವೆನ್‌ನ ಏಳನೆಯ ಸ್ವರವಾದ ಸಿ, ಅರ್ಧ ಸ್ವರ (ಪಕ್ಕದ ಕೀಗೆ) ಇಳಿದರೆ ಜಿ ಸೆವೆನ್‌ನ ಮೂರನೆಯದಾದ ಬಿ ದೊರೆಯುತ್ತದೆ. ಜಿ ಸೆವೆನ್‌ನ ಏಳನೆಯದಾದ ಎಫ್ ಹಾಗೆಯೇ ಇಳಿದು ಮುಂದಿನ ಕಾರ್ಡಿನ ಇ ಮೇಲೆ ನಿಲ್ಲುತ್ತದೆ. ಮೊದಲು ಇವನ್ನಷ್ಟೇ ವಿಳಂಬ ಲಯದಲ್ಲಿ ಹಾಡಿಕೊಂಡು ನುಡಿಸಿದೆ. ಬಳಿಕ ಇ ಸ್ವರಕ್ಕೆ ಅದರ ಕೆಳಗಿನ ಕಪ್ಪು ಕೀಯಾದ ಡಿ ಶಾರ್ಪ್‌ನಿಂದ ಹತ್ತುವುದನ್ನು ರೂಢಿಸಿಕೊಂಡೆ. ಇದರ ಸೊಗಸೇ ಬೇರೆ. ಈಗ ಎಡಗೈ ನಿಲ್ಲಿಸಿದರೂ ಕಾರ್ಡ್‌ಗಳ ನಡೆ ಬಲಗೈಯೊಂದರಲ್ಲೇ ಕೇಳಿಸುತ್ತದೆ.