ಗಾಣ ಹಾಕುವ ಮುನ್ನ ಯಾರನ್ನು ಕೇಳಬೇಕು?

ಮರದ ಗಾಣ ಹಾಕಿ ಶೇಂಗಾ ಎಣ್ಣೆ ಮಾರಲು ಹೊರಟವರಿಗೆ ಸಲಹೆ ಕೊಡುವವರ ಬರವಿಲ್ಲ. ಯಾರನ್ನು ನಂಬಬೇಕು ಅನ್ನುವುದಕ್ಕಿಂತ ಮೊದಲು ಪ್ರಶ್ನೆಗಳನ್ನು ಬಿಡಿಬಿಡಿಯಾಗಿ ಬರೆದುಕೊಳ್ಳಿ: ಯಂತ್ರ ಯಾವುದು, ಕಾಳು ಎಲ್ಲಿಂದ, ಗಿರಾಕಿ ಯಾರು, ಸಾಲ ಹೇಗೆ. ನಾಲ್ಕನ್ನೂ ತಾನೇ ಕಲಿಸುತ್ತೇನೆ ಎನ್ನುವವರ ಹೊಟ್ಟೆಪಾಡು ನಡೆಯುವುದು ಎಣ್ಣೆಯಿಂದಲೋ, ಯಂತ್ರದ ಕಮಿಷನ್ನಿನಿಂದಲೋ, ತರಬೇತಿ ಫೀಸಿನಿಂದಲೋ ವಿಚಾರಿಸಿ. ಯಂತ್ರ ಮಾರುವವರ ಹತ್ತಿರ ಮೋಟಾರು, ಸವೆತ, ರಿಪೇರಿಯ ವಿಷಯ ಧಾರಾಳವಾಗಿ ಕಲಿಯಬಹುದು. ಲಾಭದ ಲೆಕ್ಕ ಮಾತ್ರ ಅವರಿಂದ ಬೇಡ. ‘ಯಂತ್ರ ತಗೊಳ್ಳಿ, ಮಾಲು ನಾವೇ ಕೊಳ್ತೀವಿ’ ಅಂದರೆ ಅಲ್ಲಿಂದಲೇ ಎದ್ದು ಬನ್ನಿ. ಅಗರಬತ್ತಿ, ಪೇಪರ್ ಪ್ಲೇಟ್ ಯಂತ್ರಗಳಲ್ಲಿ ಇದು ಹಳೇ ಆಟ: ಒಂದೆರಡು ಲೋಡು ಕೊಂಡು, ಆಮೇಲೆ ಕ್ವಾಲಿಟಿ ಸರಿಯಿಲ್ಲವೆಂದು ಕೈ ಎತ್ತುತ್ತಾರೆ.

ಸಲಹೆ ಕೊಡುವವರು ತಾವೇ ಎಣ್ಣೆ ಮಾರುವವರಾದರೆ, ಅವರ ಅನುಭವ ಎಷ್ಟು ವರ್ಷದ್ದೆಂದು ಬಾಟಲಿಯ ಲೇಬಲ್ಲೇ ಸುಳಿವು ಕೊಡುತ್ತದೆ. 14 ಅಂಕಿಯ ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ಸಂಖ್ಯೆ ನೋಡಿ. ಮೊದಲ ಅಂಕಿ 1 ಆದರೆ ಲೈಸೆನ್ಸ್, 2 ಆದರೆ ಸಣ್ಣ ಉದ್ಯಮದ ನೋಂದಣಿ. ಮುಂದಿನ ಎರಡು ರಾಜ್ಯದ್ದು, ಕರ್ನಾಟಕಕ್ಕೆ 12. ಅದರ ಮುಂದಿನೆರಡು ವರ್ಷ. 21224 ಎಂದು ಶುರುವಾದರೆ 2024ರಲ್ಲಿ ಇಲ್ಲೇ ಮಾಡಿಸಿದ ನೋಂದಣಿ. ‘ಹತ್ತು ವರ್ಷದಿಂದ ಮಾಡ್ತಿದ್ದೀನಿ’ ಎಂದವರ ಲೇಬಲ್ಲಿನಲ್ಲಿ ಇದಿದ್ದರೆ ಕಾರಣ ಕೇಳಿ, ಹೊಸದಾಗಿ ಮಾಡಿಸಿರಲೂಬಹುದು. ಜಿಎಸ್‌ಟಿ ನಂಬರ್ ಇದ್ದರೆ ಪೋರ್ಟಲ್‌ನಲ್ಲಿ ಲಾಗಿನ್ ಇಲ್ಲದೆಯೇ ನೋಂದಣಿ ದಿನಾಂಕ, ಅದು ಚಾಲ್ತಿಯಲ್ಲಿದೆಯೋ ರದ್ದಾಗಿದೆಯೋ ಕಾಣುತ್ತದೆ.

ಭೇಟಿಯಾದಾಗ ಒಂದೇ ಪ್ರಶ್ನೆ ಸಾಕು: ನೂರು ಕೆಜಿ ಶೇಂಗಾ ಬೀಜಕ್ಕೆ ಎಣ್ಣೆ ಎಷ್ಟು, ಹಿಂಡಿ ಎಷ್ಟಕ್ಕೆ ಹೋಗುತ್ತೆ? ಗಾಣ ನಡೆಸುವವರು ‘ನಲವತ್ತು ಕೆಜಿ ಆಸುಪಾಸು, ಬೀಜ ಹೇಗಿದೆ ಅನ್ನೋದರ ಮೇಲಿದೆ’ ಅಂತ ತಕ್ಷಣ ಹೇಳುತ್ತಾರೆ, ಹಿಂಡಿ ಒಯ್ಯುವ ಹೈನುಗಾರರ ಹೆಸರನ್ನೂ ಹೇಳುತ್ತಾರೆ. ಐವತ್ತೈದು ಎಂದವರನ್ನು ಬಿಡಿ. ಬೀಜದಲ್ಲಿರುವ ಎಣ್ಣೆಯೇ ಸುಮಾರು 45ರಿಂದ 50 ಪರ್ಸೆಂಟ್. ಉತ್ತರ ಕೆಜಿಯೋ ಲೀಟರೋ ಕೇಳಿ ಬರೆದುಕೊಳ್ಳಿ. 40 ಕೆಜಿ ಎಂದರೆ ಸುಮಾರು 44 ಲೀಟರ್, ಇಲ್ಲಿ ಎಡವಿದರೆ ಇಡೀ ಲೆಕ್ಕ ಹತ್ತು ಪರ್ಸೆಂಟ್ ತಪ್ಪುತ್ತದೆ.

ಎಲ್ಲರಿಗಿಂತ ಉಪಯೋಗಕ್ಕೆ ಬರುವವರು ಬೇರೆ ತಾಲೂಕಿನಲ್ಲಿ ಮೂರು-ನಾಲ್ಕು ವರ್ಷದಿಂದ ಗಾಣ ನಡೆಸುತ್ತಿರುವವರು. ನಿಮ್ಮ ಗಿರಾಕಿಗೂ ಅವರ ಗಿರಾಕಿಗೂ ಸಂಬಂಧವಿಲ್ಲ, ಹಾಗಾಗಿ ಮುಚ್ಚಿಡುವುದಿಲ್ಲ. ಮೊದಲ ವರ್ಷದ ಪಡಿಪಾಟಲೂ ಮರೆತಿರುವುದಿಲ್ಲ. ದೊಡ್ಡ ಮಿಲ್ಲಿನವರಿಗೆ ಅದು ನೆನಪಿರುವುದು ಕಷ್ಟ. ಒಂದು ದಿನ ಗಾಣದ ಹತ್ತಿರ ನಿಲ್ಲಲು ಬಿಡಿ ಎಂದು ಕೇಳಿ, ಆ ದಿನಕ್ಕೆ ದುಡ್ಡು ಕೊಡಿ. ಪುಕ್ಕಟೆ ಕೇಳಿದರೆ ಅರ್ಧ ಗಂಟೆ ಚಹಾ ಕುಡಿಸಿ ಕಳಿಸುತ್ತಾರೆ, ತಪ್ಪೇನಿಲ್ಲ. ಗಾಣ ಮುಚ್ಚಿದವರನ್ನೂ ಒಬ್ಬರನ್ನು ಹುಡುಕಿ.

ಸಾಲ, ಪ್ರಾಜೆಕ್ಟ್ ರಿಪೋರ್ಟಿಗೆ ನಿಮ್ಮ ಜಿಲ್ಲೆಯ ಆರ್‌ಸೆಟಿ, ಅಂದರೆ ಬ್ಯಾಂಕುಗಳು ನಡೆಸುವ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆ ಸಾಕು. 1982ರಲ್ಲಿ ಉಜಿರೆಯಲ್ಲಿ ಶುರುವಾದ ರುಡ್‌ಸೆಟ್ ಮಾದರಿಯವು ಇವು. ತರಬೇತಿ, ಊಟ, ವಸತಿ ಉಚಿತ. ಸಣ್ಣ ಉದ್ಯಮಗಳಿಗೆ ಕೇಂದ್ರ ಸರ್ಕಾರ ಮಾಡುವ ‘ಉದ್ಯಮ್’ ನೋಂದಣಿಗೂ ಸರ್ಕಾರಿ ಶುಲ್ಕವಿಲ್ಲ. ಅದಕ್ಕೆ ‘ಸರ್ಕಾರಿ ಫೀಸು’ ಎಂದು ಸಾವಿರಗಟ್ಟಲೆ ಕೇಳುವ ಸಲಹೆಗಾರರ ಉಳಿದ ಮಾತನ್ನೂ ಅದೇ ತಕ್ಕಡಿಯಲ್ಲಿ ತೂಗಿ.

ಇಬ್ಬರು ತಿಳಿದವರೇ ತದ್ವಿರುದ್ಧ ಹೇಳಿದರೆ, ಒಬ್ಬರು ಒಂದು ಲೀಟರ್ ಬಾಟಲಿಯೇ ಓಡುತ್ತದೆ, ಇನ್ನೊಬ್ಬರು ಐದು ಲೀಟರ್ ಕ್ಯಾನೇ ಸರಿ ಎಂದರೆ, ವಾದಕ್ಕೆ ಇಳಿಯಬೇಡಿ. ಎಫ್‌ಎಸ್‌ಎಸ್‌ಎಐ ನೋಂದಣಿ ಮಾಡಿಸಿಕೊಂಡು, 50 ಕೆಜಿ ಬೀಜ ಕೊಂಡು ಯಾರದಾದರೂ ಗಾಣದಲ್ಲಿ ಕೂಲಿ ಕೊಟ್ಟು ಎಣ್ಣೆ ತೆಗೆಸಿ, ಎರಡೂ ಅಳತೆಯಲ್ಲಿ ತುಂಬಿಸಿ ಮಾರಿ ನೋಡಿ.