ಊರಿನ ಹಳೇ ಹೆಸರನ್ನೂ ಹಾಕಿ ಹುಡುಕಿ

ಬಾಗಲಕೋಟೆ ನವನಗರದ ನಮ್ಮ ಅಂಗಡಿಗೆ ಬರುವವರಲ್ಲಿ ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿನ ಮುಳುಗಡೆ ಹಳ್ಳಿಯವರೇ ಜಾಸ್ತಿ. ಭೂಸ್ವಾಧೀನದ ಅಧಿಸೂಚನೆ, ಪುನರ್ವಸತಿ ಆದೇಶ ಬೇಕು ಅಂತಾರೆ. ಪುಕ್ಕಟೆ ಸಿಗುವ ಕಾಗದಕ್ಕೆ ಏಜೆಂಟರಿಗೆ ದುಡ್ಡು ಕೊಟ್ಟು ಬಂದವರನ್ನು ಕಂಡರೆ ಸಂಕಟವಾಗುತ್ತದೆ. ಅದಕ್ಕೇ ಆ ಕಾಗದಗಳನ್ನು ಗೂಗಲ್‌ನಲ್ಲಿ ನೀವೇ ಹುಡುಕುವ ಬಗೆಯನ್ನು ಬರೆದಿದ್ದೇನೆ.

ಮೊದಲು ಗೂಗಲ್‌ಗೆ ಎಲ್ಲಿ ಹುಡುಕಬೇಕು ಅಂತ ಹೇಳಿ. ಇಂಗ್ಲಿಷ್ ಅಕ್ಷರದಲ್ಲಿ 'ಸೈಟ್' ಎಂದು ಬರೆದು, ಕೋಲನ್ ಹಾಕಿ, ಜಾಗ ಬಿಡದೆ ವಿಳಾಸ ಸೇರಿಸಿ. 'ಕರ್ನಾಟಕ ಡಾಟ್ ಜಿಒವಿ ಡಾಟ್ ಇನ್' ಎಂದು ಕೊಟ್ಟರೆ ಅದರ ಕೆಳಗಿನ ಇಲಾಖೆಗಳ ತಾಣಗಳೂ ಬರುತ್ತವೆ. ಇದೇ ರೀತಿ 'ಫೈಲ್‌ಟೈಪ್', ಕೋಲನ್, 'ಪಿಡಿಎಫ್' ಹಾಕಿದರೆ ಪಿಡಿಎಫ್ ಮಾತ್ರ.

ಜನ ಸೋಲುವುದು ಹೆಸರಿನಲ್ಲಿ. ಬಾಗಲಕೋಟೆ ಜಿಲ್ಲೆಯಾದದ್ದು 1997ರಲ್ಲಿ. ಅದಕ್ಕೂ ಹಿಂದಿನ ಬೀಳಗಿ, ಮುಧೋಳದ ಕಾಗದಗಳಲ್ಲಿ ಜಿಲ್ಲೆ ಬಿಜಾಪುರ. ಬಿಜಾಪುರ ವಿಜಯಪುರವಾದದ್ದು, ಬೆಳಗಾವಿಯ ಇಂಗ್ಲಿಷ್ ಸ್ಪೆಲ್ಲಿಂಗ್ ಬದಲಾದದ್ದು 2014ರ ನವೆಂಬರ್ 1ರಂದು. ಹಾಗಾಗಿ ಎರಡೂ ಹೆಸರು ಬರೆದು ನಡುವೆ ಇಂಗ್ಲಿಷ್‌ನ 'ಓ', 'ಆರ್' ಎರಡನ್ನೂ ದೊಡ್ಡ ಅಕ್ಷರದಲ್ಲಿ ಹಾಕಿ. ಆಲಮಟ್ಟಿ, ಅಲಮಟ್ಟಿ ಎರಡೂ ಬರವಣಿಗೆ ಇವೆ, ಅದಕ್ಕೂ ಇದೇ ಉಪಾಯ. ದೇವನಹಳ್ಳಿ ಕಡೆಯೂ ಒಂದು ವಿಜಯಪುರ ಇದೆ, ಅಲ್ವಾ? ಅದು ಅಡ್ಡ ಬಂದರೆ ಮೈನಸ್ ಚಿಹ್ನೆಗೆ ಅಂಟಿಸಿ -ದೇವನಹಳ್ಳಿ ಎಂದು ಹಾಕಿ.

ನಕ್ಷತ್ರ ಚಿಹ್ನೆ ಗೂಗಲ್‌ನಲ್ಲಿ ಇಡೀ ಪದದ ಜಾಗ ತುಂಬುತ್ತದೆ: "ಬೀಳಗಿ * ಪುನರ್ವಸತಿ". ಅರ್ಧ ಪದವನ್ನು ಪೂರ್ತಿ ಮಾಡುವುದಿಲ್ಲ. ವಿಕಿಪೀಡಿಯದ ಹುಡುಕಾಟದಲ್ಲಿ ಮಾತ್ರ ಬಾದಾಮಿ* ಎಂದರೆ ಬಾದಾಮಿಯ, ಬಾದಾಮಿಯಲ್ಲಿ ಎಲ್ಲಾ ಸಿಗುತ್ತವೆ. ನಮ್ಮ ವಿಭಕ್ತಿಗಳಿಗೆ ಇದು ಬಹಳ ಅನುಕೂಲ.

ಇಷ್ಟಾದರೂ ಸಿಗಲಿಲ್ಲವೇ? ಹಳೆಯ ಪಿಡಿಎಫ್‌ಗಳು ಎಷ್ಟೋ 'ನುಡಿ' ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೇ ಫಾಂಟಿನಲ್ಲಿವೆ. ಕಣ್ಣಿಗೆ ಕನ್ನಡ ಕಂಡರೂ ಒಳಗಿರುವುದು ಇಂಗ್ಲಿಷ್ ಸಂಕೇತಗಳು. ಈಗ ಫೋನಿನಲ್ಲಿ ಟೈಪ್ ಮಾಡುವ ಯೂನಿಕೋಡ್ ಕನ್ನಡ ಪದ ಹಾಕಿ ಸುಮ್ನೆ ಕೂತರೆ ಅವು ಬರುವುದಿಲ್ಲ. ಅಂಕಿಗಳು ಮಾತ್ರ ಅಲ್ಲೂ ಅಂಕಿಗಳಾಗಿಯೇ ಉಳಿದಿರುತ್ತವೆ. ಆದೇಶ ಸಂಖ್ಯೆ ಅಥವಾ ಸರ್ವೆ ನಂಬರನ್ನು ಉದ್ಧರಣ ಚಿಹ್ನೆಯೊಳಗೆ ಕೊಡಿ. ಆಲಮಟ್ಟಿ ಅಣೆಕಟ್ಟಿನ ಎತ್ತರದ ಕಾಗದ ಬೇಕಿದ್ದರೆ ಮೀಟರ್ ಲೆಕ್ಕದ ಅಂಕಿ "524.256" ಎಂದೇ ಹುಡುಕಿ.

ಫೈಲ್ ತೆರೆದ ಮೇಲೆ ಕಂಟ್ರೋಲ್ ಮತ್ತು ಎಫ್ ಒತ್ತಿ, ಅದೇ ಸರ್ವೆ ನಂಬರ್ ಹಾಕಿ ಪುಟ ಹಿಡಿಯಿರಿ. ಸಿಕ್ಕ ಕೂಡಲೇ ಡೌನ್‌ಲೋಡ್ ಮಾಡಿ, ಫೈಲಿನ ಹೆಸರಿನಲ್ಲೇ ಆದೇಶ ಸಂಖ್ಯೆ, ದಿನಾಂಕ ಬರೆದಿಡಿ.