ಬಚ್ಚಲ ಹಂಡೆ ಒಲೆಯ ಇಟ್ಟಿಗೆ ಕಟ್ಟು ಮತ್ತು ಹೊಗೆ ಕೊಳವೆ: ನನ್ನ ಅನುಭವ

ಹಂಚಿನ ಮಾಡಿನ ಬಚ್ಚಲಲ್ಲಿ ಒಲೆ ಕಟ್ಟುವಾಗ ನಾನು ಮೊದಲು ನೋಡುವುದು ಮೇಲಕ್ಕೆ. ಕೊಳವೆ ಮಾಡು ದಾಟುವ ಜಾಗ ಗೊತ್ತಾದ ಮೇಲೆ, ಅಲ್ಲಿಂದ ತೂಕದ ಗುಂಡು ಇಳಿಬಿಟ್ಟು ನೆಲಕ್ಕೆ ಗೀಟು ಹಾಕಿದೆ.

ಒಂದೇ ಪದರದ ತಗಡಿನ ಕೊಳವೆಗೂ ಮರಕ್ಕೂ ನಡುವೆ ಕೊಳವೆಯ ಅಗಲದ ಮೂರರಷ್ಟು ಅಂತರ ಬೇಕು. 6 ಇಂಚಿನದಕ್ಕೆ 18 ಇಂಚು. ಮಾಡಿನ ಹಂಚು ಹೊರುವ ಮರದ ಪಕಾಸಿಗಳ ನಡುವೆ ಅಷ್ಟು ಜಾಗ ಸಿಗುವುದಿಲ್ಲ. ಒಂದು ಪಕಾಸಿ ತುಂಡರಿಸಿ, ಅದರ ತುದಿಗಳನ್ನು ಅಡ್ಡಪಟ್ಟಿಯಿಂದ ಅಕ್ಕಪಕ್ಕದವಕ್ಕೆ ಕಟ್ಟಿದೆ. ಆಗಲೂ ಹತ್ತಿರ ಉಳಿದ ಮರಕ್ಕೆ ಜಿಂಕ್ ತಗಡಿನ ಮರೆ. ತಗಡನ್ನು ಮರಕ್ಕೇ ಒತ್ತಿ ಹೊಡೆದರೆ ಅದು ತಾನೂ ಕಾದು ಮರವನ್ನೂ ಕಾಯಿಸುತ್ತದೆ. ನಡುವೆ 1 ಇಂಚು ಸಂದು ಬಿಟ್ಟು, ಮೇಲೆ ಕೆಳಗೆ ತೆರೆದಿಡಬೇಕು. ವರ್ಷಗಟ್ಟಲೆ ಕಾದು ಒಣಗಿದ ಮರ ಸ್ವಲ್ಪ ಬಿಸಿಗೂ ಹೊತ್ತಿಕೊಳ್ಳುತ್ತದೆ. ಮಳೆನೀರು ಬರುತ್ತದೆಂದು ಕೊಳವೆ ಮಾಡು ದಾಟುವ ಸಂದಿಗೆ ಗೋಣಿ, ತೆಂಗಿನ ನಾರು ತುರುಕುವವರಿದ್ದಾರೆ. ದಯವಿಟ್ಟು ಬೇಡ, ಕೊಳವೆಯ ಸುತ್ತ ತಗಡಿನ ಕೊರಳಪಟ್ಟಿ ಸಾಕು.

ಕೊಳವೆಯ ತುಂಡು ಜೋಡಿಸುವಾಗ ಮೇಲಿನದು ಕೆಳಗಿನದರ ಒಳಗೆ ಇಳಿಯಬೇಕು. ತಿರುಗಾಮುರುಗಾ ಆದರೆ ಕಪ್ಪು ಅಂಟು ಹೊರಗೆ ಸೋರಿ ಗೋಡೆಗೆ ಗೆರೆ ಎಳೆಯುತ್ತದೆ. ಪ್ರತಿ ಕೂಡಿಕೆಗೆ 3 ಸ್ಕ್ರೂ, ಬುಡದಲ್ಲಿ ಮಸಿ ತೆಗೆಯಲು ಒಂದು ಮುಚ್ಚಳ. ಸಿಮೆಂಟ್ ಪೈಪು ಕಾದು ಸಿಡಿಯುತ್ತದೆ, ಅದನ್ನು ಹಾಕಲಿಲ್ಲ. ತುದಿ ಮಾಡಿನ ನೆತ್ತಿಗಿಂತ 2 ಅಡಿ ಮೇಲಿದೆ.

ಹಂಡೆ ತಾಮ್ರದ್ದು, 40 ಲೀಟರಿನದು, ಹೊಟ್ಟೆ 18 ಇಂಚು. ಒಳಗುಂಡಿ 21 ಇಂಚು, ಸುತ್ತ 9 ಇಂಚಿನ ಗೋಡೆ. ಸುಮಾರು 280 ಇಟ್ಟಿಗೆ ಹಿಡಿಯಿತು. ಬೆಂಕಿ ತಾಗುವ ಒಳವರಸೆಗೆ ಮಣ್ಣು, ಮರಳು ಕಲಸಿದ ಗಾರೆಯೇ ಸರಿ. ಸಿಮೆಂಟು ಕಾದು ಉದುರುತ್ತದೆ. ಕಬ್ಬಿಣದ ಜಾಲರಿಯಿಂದ ಹಂಡೆಯ ತಳಕ್ಕೆ 8 ಇಂಚು, ಜಾಲರಿಯ ಕೆಳಗೆ ಬೂದಿಗೆ 5 ಇಂಚು. ಹಂಡೆಯನ್ನು ನಡುಮಧ್ಯಕ್ಕೆ ಕೂರಿಸಲಿಲ್ಲ: ಕೊಳವೆಯ ಕಡೆ 1 ಇಂಚು, ಒಲೆಬಾಯಿಯ ಕಡೆ 2 ಇಂಚು ಸಂದು. ಎರಡೂ ಕಡೆ ಸಮ ಇಟ್ಟರೆ ಉರಿ ನೇರ ಕೊಳವೆಗೆ ಓಡುತ್ತದೆ, ಮುಂದಿನ ಅರ್ಧ ಹಂಡೆ ತಣ್ಣಗೇ ಉಳಿಯುತ್ತದೆ.

ಕಟ್ಟಿದ ಮೇಲೆ 15 ದಿನ ಒಣಗಲು ಬಿಟ್ಟೆ. ಆಮೇಲೆ ಮೂರು ದಿನ ಹಂಡೆಯಲ್ಲಿ ನೀರಿಟ್ಟು ಒಂದೊಂದು ಹಿಡಿ ತೆಂಗಿನ ಗರಿ ಮಾತ್ರ. ಅವಸರದಲ್ಲಿ ದೊಡ್ಡ ಬೆಂಕಿ ಹಾಕಿದರೆ ಒಳಗಿನ ಪಸೆ ಆವಿಯಾಗಿ ಗಾರೆ ಬಿರಿಯುತ್ತದೆ. ಪರೀಕ್ಷೆಗೆ ಒಂದು ಊದುಬತ್ತಿ ಸಾಕು: ಒಲೆಬಾಯಿಗೆ ಹಿಡಿದಾಗ ಹೊಗೆಯ ಎಳೆ ಒಳಕ್ಕೆ ಬಾಗಬೇಕು. ಹೊರಕ್ಕೆ ಬಂದರೆ ಕೊಳವೆ ಕಟ್ಟಿಕೊಂಡಿದೆ, ಇಲ್ಲವೇ ಎತ್ತರ ಸಾಲದು.

ಕೆಂಡ ಇರುವಾಗ ಕೊಳವೆ ಮುಚ್ಚಬಾರದು, ಬಚ್ಚಲ ಕಿಟಕಿಯನ್ನೂ ಮುಚ್ಚಬಾರದು. ಕೆಂಡದ ವಿಷಗಾಳಿಗೆ ವಾಸನೆಯಿಲ್ಲ. ಸ್ನಾನಕ್ಕೆ ಕೂತವರು ಕೂತಲ್ಲೇ ಎಚ್ಚರ ತಪ್ಪುತ್ತಾರೆ. ಹಸಿ ಸೌದೆ, ಒದ್ದೆ ಅಡಕೆ ಸಿಪ್ಪೆ ಉರಿಸಿದರೆ ಕೊಳವೆಯಲ್ಲಿ ಇಲ್ಲಣ (ಹೊಗೆಯ ಮಸಿ) ಗಟ್ಟಿಯಾಗಿ ಕೂತು, ಒಂದು ದಿನ ಅದಕ್ಕೇ ಬೆಂಕಿ ಹತ್ತುತ್ತದೆ. ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಬುಡದ ಮುಚ್ಚಳ ತೆಗೆದು ಕೊಳವೆ ಗುಡಿಸುತ್ತೇನೆ.